'ಮನೆಯಲ್ಲೇ ಕುಳಿತು ಸಂಪಾದಿಸಿ': ನಂಬುವ ಮುನ್ನ

(ಸಾಲಗಾಮೆಯಲ್ಲಿ ಪೋಷಕರು ಮತ್ತು ಯುವಜನರ ಸಭೆಯಲ್ಲಿ ನೀಡಿದ ಭಾಷಣದ ಬರಹ ರೂಪ)



ಹಾಸನದಿಂದ ಸಾಲಗಾಮೆ ರಸ್ತೆ ಹಿಡಿದು ಬರುವಾಗ ಮಲೆನಾಡು ಇಂಜಿನಿಯರಿಂಗ್ ಕಾಲೇಜು ಸಿಗುತ್ತದೆ. 1960ರಲ್ಲಿ ಆರಂಭವಾದ ಕಾಲೇಜು ಅದು. ಅಂದು ಅದರ ಮುಂದೆ ಹಾದುಹೋಗುತ್ತಿದ್ದ ನಮ್ಮ ಹಿರಿಯರಲ್ಲಿ ಹೆಚ್ಚಿನವರಿಗೆ, ಒಂದು ದಿನ ತಮ್ಮ ಮಕ್ಕಳೂ ಅದರೊಳಗೆ ಓದುವರೆಂಬ ಕನಸು ಕೂಡಾ ಇದ್ದಿರಲಾರದು. ಇಂದು ಪರಿಸ್ಥಿತಿ ಬದಲಾಗಿದೆ. ಗ್ಯಾರೇಜಿನಲ್ಲಿ ದುಡಿಯುವ ತಂದೆಯ ಮಗ ಡಿಪ್ಲೊಮಾ ಮುಗಿಸಿದ್ದಾನೆ. ಹೊಲಿಗೆ ಯಂತ್ರ ತುಳಿದು ಸಂಸಾರ ಸಾಗಿಸಿದ ತಾಯಿಯ ಮಗಳು ಬಿ.ಕಾಂ. ಪದವೀಧರೆಯಾಗಿದ್ದಾಳೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಎಲ್ಲೇ ನೋಡಿದರೂ ಇಂತಹ ಮನೆಗಳಿವೆ.

ಆದರೆ ಪದವಿ ಕೈಗೆ ಬಂದ ಮೇಲೆ ಏನು? ಮಗ ಬೆಂಗಳೂರಿಗೆ ಹೋಗಿ ನಾಲ್ವರೊಂದಿಗೆ ಕೋಣೆ ಹಿಡಿಯುತ್ತಾನೆ. ಮಗಳನ್ನು ಕಳುಹಿಸಲು ಮನೆಯವರಿಗೆ ಧೈರ್ಯವಿಲ್ಲ, ಸುಮ್ಮನೆ ಕುಳಿತಿರಲು ಅವಳಿಗೆ ಮನಸ್ಸಿಲ್ಲ. ಅಂತಹ ಒಂದು ಮಧ್ಯಾಹ್ನ ಅವಳ ಮೊಬೈಲಿಗೆ ಸಂದೇಶ ಬರುತ್ತದೆ: 'ಮನೆಯಲ್ಲೇ ಕುಳಿತು ದಿನಕ್ಕೆ ಎರಡರಿಂದ ಐದು ಸಾವಿರ ಸಂಪಾದಿಸಿ. ಅನುಭವ ಬೇಕಿಲ್ಲ. ಮೊಬೈಲ್ ಇದ್ದರೆ ಸಾಕು.' ಇಂದು ನಾವು ಮಾತನಾಡಲು ಬಂದಿರುವುದು ಈ ಸಂದೇಶದ ಬಗ್ಗೆ.

ಹಳೆಯ ಮೋಸ, ಹೊಸ ವೇಷ

ಹಿರಿಯರಿಗೆ ಇದು ಹೊಸದಲ್ಲ. ಬಸ್ ನಿಲ್ದಾಣದ ಗೋಡೆಗಳಲ್ಲಿ, ಪತ್ರಿಕೆಗಳ ಸಣ್ಣ ಜಾಹೀರಾತುಗಳಲ್ಲಿ ಇದೇ ಮಾತು ಹಿಂದೆಯೂ ಇತ್ತು. ಪೆನ್ಸಿಲ್ ಪ್ಯಾಕ್ ಮಾಡಿ, ಮೇಣದ ಬತ್ತಿ ತಯಾರಿಸಿ, ಯಂತ್ರ ನಮ್ಮಿಂದಲೇ ಕೊಳ್ಳಿ, ನೀವು ಮಾಡಿದ ಮಾಲನ್ನೆಲ್ಲ ನಾವೇ ಖರೀದಿಸುತ್ತೇವೆ ಎನ್ನುತ್ತಿದ್ದರು. ಯಂತ್ರ ಬರುತ್ತಿತ್ತು, ಖರೀದಿಸುವವನು ಬರುತ್ತಿರಲಿಲ್ಲ. ಗಲ್ಫ್ ವೀಸಾದ ಆಸೆ ಹುಟ್ಟಿಸಿ ಪಾಸ್‌ಪೋರ್ಟನ್ನೂ ಹಣವನ್ನೂ ಪಡೆದು ಮಾಯವಾದ ದಲ್ಲಾಳಿಗಳ ನೆನಪು ನಮ್ಮಲ್ಲಿ ಹಲವರಿಗಿದೆ.

ಆದರೆ ಅಂದಿನ ವಂಚಕನಿಗೆ ಒಂದು ಮುಖವಿತ್ತು, ಒಂದು ಅಂಗಡಿಯೋ ಕಚೇರಿಯೋ ಇತ್ತು. ಇಂದಿನವನು ಯಾವ ದೇಶದಲ್ಲಿ ಕುಳಿತಿದ್ದಾನೆಂದೇ ತಿಳಿಯದು. 2023ರ ಡಿಸೆಂಬರ್‌ನಲ್ಲಿ ಕೇಂದ್ರ ಗೃಹ ಸಚಿವಾಲಯದ ಶಿಫಾರಸಿನಂತೆ, ಹೂಡಿಕೆ ಮತ್ತು ಅರೆಕಾಲಿಕ ಉದ್ಯೋಗದ ಹೆಸರಲ್ಲಿ ವಂಚಿಸುತ್ತಿದ್ದ ನೂರಕ್ಕೂ ಹೆಚ್ಚು ಜಾಲತಾಣಗಳನ್ನು ನಿರ್ಬಂಧಿಸಲಾಯಿತು. ಅವುಗಳನ್ನು ನಡೆಸುತ್ತಿದ್ದವರು ವಿದೇಶದಲ್ಲಿದ್ದರು. ಅವರ ಗುರಿ ಯಾರೆಂಬುದನ್ನೂ ಸರಕಾರವೇ ಹೇಳಿತು: ನಿವೃತ್ತರು, ಮಹಿಳೆಯರು ಮತ್ತು ನಿರುದ್ಯೋಗಿ ಯುವಕರು. 'ಮನೆಯಲ್ಲಿ ಕುಳಿತು ಕೆಲಸ' ಎಂಬರ್ಥದ ಪದಗಳನ್ನಿಟ್ಟು ಹಲವು ಭಾಷೆಗಳಲ್ಲಿ ಗೂಗಲ್ ಮತ್ತು ಮೆಟಾದಲ್ಲಿ ಜಾಹೀರಾತು ನೀಡುವುದು ಅವರ ವಿಧಾನ. ಅಂದರೆ ನಮ್ಮ ಮಕ್ಕಳು ಕೆಲಸ ಹುಡುಕುವುದಕ್ಕೂ ಮೊದಲೇ ಆ ಹುಡುಕಾಟದ ದಾರಿಯಲ್ಲಿ ಬಲೆ ಹಾಸಲಾಗಿತ್ತು.

ಒಂದು ಮನೆಯ ಸಂಗತಿ

ನಮ್ಮ ಗಮನಕ್ಕೆ ಬಂದ ಒಂದು ಮನೆಯ ಸಂಗತಿಯನ್ನು ಹೇಳುತ್ತೇವೆ. ಊರು, ಹೆಸರು ಬೇಡ.

ಆ ಹುಡುಗಿಗೆ ಮೊದಲ ದಿನ ಕೊಟ್ಟ ಕೆಲಸ ಮೂರು ಹೋಟೆಲುಗಳಿಗೆ ಐದು ನಕ್ಷತ್ರಗಳ ಮೆಚ್ಚುಗೆ ಒತ್ತುವುದು. ಸಂಜೆಯೊಳಗೆ ಅವಳ ಖಾತೆಗೆ 150 ರೂಪಾಯಿ ಬಂತು. ಗಮನಿಸಿ, ನಿಜವಾಗಿಯೂ ಬಂತು. ಮರುದಿನ ಟೆಲಿಗ್ರಾಮ್ ಗುಂಪಿಗೆ ಸೇರಿಸಿದರು. ಅಲ್ಲಿ ಹತ್ತಾರು ಮಂದಿ ತಮಗೆ ಬಂದ ಹಣದ ಚಿತ್ರಗಳನ್ನು ಹಾಕಿ ಧನ್ಯವಾದ ಹೇಳುತ್ತಿದ್ದರು. ಅವರೆಲ್ಲರೂ ವಂಚಕರ ಕಡೆಯವರೇ ಎಂದು ಅವಳಿಗೆ ತಿಳಿಯುವುದಾದರೂ ಹೇಗೆ? ಮೂರನೆಯ ದಿನ 1,000 ರೂಪಾಯಿ ಕಟ್ಟುವ ಕೆಲಸ ಬಂತು. ಕಟ್ಟಿದಳು, 1,300 ಮರಳಿತು. ಮುಂದೆ 20,000. ಈ ಸಲ ಹಣ ಮರಳಲಿಲ್ಲ. 'ಇದು ಮೂರು ಕೆಲಸಗಳ ಸರಣಿ. ಉಳಿದೆರಡನ್ನು ಮುಗಿಸದಿದ್ದರೆ ಕಟ್ಟಿದ್ದೂ ಹೋಗುತ್ತದೆ' ಎಂದರು. ತಾಯಿಯ ಸರ ಅಡವಿಗೆ ಹೋಯಿತು. ಮತ್ತೆ 45,000 ಕಟ್ಟಿದಳು. ಮೊಬೈಲಿನ ಪರದೆಯಲ್ಲಿ ಅವಳ ಹೆಸರಿನ ಮುಂದೆ 1,12,000 ರೂಪಾಯಿ ಹೊಳೆಯುತ್ತಿತ್ತು. ಅದನ್ನು ತೆಗೆಯಲು ಹೋದರೆ, ಮೊದಲು ಶೇ. 30 ತೆರಿಗೆ ಕಟ್ಟಿ ಎಂಬ ಉತ್ತರ ಬಂತು.

ತಂದೆಗೆ ವಿಷಯ ತಿಳಿದದ್ದು ಹನ್ನೊಂದು ದಿನಗಳ ನಂತರ. ಹಣ ಎಂದೋ ಕೈದಾಟಿತ್ತು.

ಆ ತಂದೆ ನಮ್ಮಲ್ಲಿ ಕೇಳಿದ ಪ್ರಶ್ನೆ ಇದು: 'ಓದಿದ ಹುಡುಗಿ, ಇಷ್ಟೂ ತಿಳಿಯಲಿಲ್ಲವೇ?' ನಾವು ಹೇಳಿದೆವು, ಆಕೆಗೆ ಬುದ್ಧಿ ಕಡಿಮೆಯಿದ್ದುದರಿಂದ ಮೋಸ ಹೋದದ್ದಲ್ಲ. ಮೊದಲ 150 ರೂಪಾಯಿ ಅವಳ ಸಂದೇಹವನ್ನು ಕೊಂಡುಕೊಂಡಿತು. ಗಾಳದ ಎರೆ ನಿಜವಾದ ಎರೆಯೇ ಆಗಿರುತ್ತದೆ, ಇಲ್ಲವಾದರೆ ಮೀನು ಕಚ್ಚುವುದಿಲ್ಲ. ಆದ್ದರಿಂದ 'ನನಗೆ ಹಣ ಬಂದಿದೆ' ಎಂಬುದು ಸಂಸ್ಥೆ ಸಾಚಾ ಎಂಬುದಕ್ಕೆ ಸಾಕ್ಷಿಯಲ್ಲ.

ಗುರುತಿಸುವುದು ಹೇಗೆ?

ಎಲ್ಲಕ್ಕಿಂತ ಮೊದಲು ನೋಡಬೇಕಾದುದು ಹಣ ಹರಿಯುವ ದಿಕ್ಕು. ದುಡಿಮೆಯಲ್ಲಿ ಹಣ ಮಾಲಿಕನಿಂದ ಕೆಲಸಗಾರನ ಕಡೆಗೆ ಬರುತ್ತದೆ. ನೋಂದಣಿ ಶುಲ್ಕ, ತರಬೇತಿ ಶುಲ್ಕ, ಲ್ಯಾಪ್‌ಟಾಪಿನ ಠೇವಣಿ, ಗುರುತಿನ ಚೀಟಿಯ ಖರ್ಚು, ತೆರಿಗೆ ಎಂದು ಯಾವ ಹೆಸರಿನಲ್ಲಾಗಲಿ ಅದು ಹಿಮ್ಮುಖವಾಗಿ ಹರಿಯತೊಡಗಿದರೆ ಅಲ್ಲಿಗೆ ನಿಲ್ಲಿಸಬೇಕು. ಸಂಬಳದ ಮೇಲಿನ ತೆರಿಗೆಯನ್ನು ಮಾಲಿಕನು ಸಂಬಳದಿಂದಲೇ ಕಡಿದು ಸರಕಾರಕ್ಕೆ ಕಟ್ಟುತ್ತಾನೆ. ನಿಮ್ಮ ಸಂಬಳ ಕೊಡಲು ನಿಮ್ಮಿಂದಲೇ ತೆರಿಗೆ ಕೇಳುವ ಕಾನೂನು ಈ ದೇಶದಲ್ಲಿಲ್ಲ.

ಎರಡನೆಯದು ಕೆಲಸಕ್ಕೂ ಕೂಲಿಗೂ ಇರುವ ಅಂತರ. ಗಾರ್ಮೆಂಟ್ಸ್‌ನಲ್ಲಿ ದಿನವಿಡೀ ಕುಳಿತು ಹೊಲಿಯುವ ಹೆಣ್ಣುಮಗಳ ಒಂದು ದಿನದ ಕೂಲಿ ಎಷ್ಟೆಂದು ಇಲ್ಲಿ ಎಲ್ಲರಿಗೂ ಗೊತ್ತು. ವೀಡಿಯೋ ಮೆಚ್ಚುವ ಗುಂಡಿ ಒತ್ತಿದರೆ ಅದರ ಹಲವು ಪಟ್ಟು ಕೊಡುವವನು ಯಾರು, ಅದರಿಂದ ಅವನಿಗೇನು ಲಾಭ? ಈ ಪ್ರಶ್ನೆಗೆ ಸರಳ ಉತ್ತರ ಸಿಗದಿದ್ದರೆ ಅದು ಕೆಲಸವಲ್ಲ.

ಮೂರನೆಯದು ಆಯ್ಕೆಯ ರೀತಿ. ಅರ್ಜಿ ಹಾಕದ ಕೆಲಸಕ್ಕೆ ಆಯ್ಕೆಯಾಗಿದ್ದೀರಿ ಎಂದು ಸಂದೇಶ ಬಂದರೆ, ಸಂದರ್ಶನವೆಲ್ಲ ವಾಟ್ಸ್ಆ್ಯಪ್ ಬರಹದಲ್ಲೇ ಹತ್ತು ನಿಮಿಷಕ್ಕೆ ಮುಗಿದರೆ, ಎದುರಿನವರು ಮುಖ ತೋರಿಸಲು ಒಪ್ಪದಿದ್ದರೆ ಎಚ್ಚರವಾಗಬೇಕು. ಸಂಬಳ ಕೊಡುವವನು ಯಾರಿಗೆ ಕೊಡುತ್ತಿದ್ದೇನೆಂದು ಪರೀಕ್ಷಿಸಿಯೇ ಕೊಡುತ್ತಾನೆ.

ನಾಲ್ಕನೆಯದು ವಿಳಾಸ. ಹೆಸರಾಂತ ಕಂಪೆನಿಯ ಲಾಂಛನವಿರುವ ನೇಮಕಾತಿ ಪತ್ರವನ್ನು ಇಂದು ಯಾರು ಬೇಕಾದರೂ ತಯಾರಿಸಬಹುದು. ಆ ಪತ್ರ ಯಾರು ಬೇಕಾದರೂ ಪಡೆಯಬಹುದಾದ ಉಚಿತ ಇಮೇಲ್ ವಿಳಾಸದಿಂದ ಬಂದಿದೆಯೇ, ಕಂಪೆನಿಯದೇ ವಿಳಾಸದಿಂದ ಬಂದಿದೆಯೇ ಎಂದು ಅಕ್ಷರ ಅಕ್ಷರ ನೋಡಬೇಕು. ಭಾರತದಲ್ಲಿ ನೋಂದಣಿಯಾದ ಪ್ರತಿಯೊಂದು ಕಂಪೆನಿಗೂ 21 ಅಕ್ಷರ, ಅಂಕಿಗಳ ಗುರುತು ಸಂಖ್ಯೆ ಇರುತ್ತದೆ. ಕೇಂದ್ರ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಅದನ್ನು ಪರಿಶೀಲಿಸಬಹುದು. ಜಿಎಸ್‌ಟಿ ಸಂಖ್ಯೆ 15 ಅಕ್ಷರಗಳದ್ದು. ಕರ್ನಾಟಕದ್ದಾದರೆ ಅದು 29ರಿಂದ ಆರಂಭವಾಗುತ್ತದೆ. ಆದರೆ ಇಷ್ಟಕ್ಕೇ ತೃಪ್ತರಾಗಬಾರದು, ಯಾಕೆಂದರೆ ವಂಚಕರು ನಿಜವಾದ ಕಂಪೆನಿಯ ಹೆಸರನ್ನೂ ಸಂಖ್ಯೆಯನ್ನೂ ಕದಿಯುತ್ತಾರೆ. ಸಂದೇಶದಲ್ಲಿ ಕೊಟ್ಟ ನಂಬರಿಗೆ ಕರೆ ಮಾಡಿ ವಿಚಾರಿಸುವುದು ಕಳ್ಳನಲ್ಲೇ ಸಾಕ್ಷಿ ಕೇಳಿದಂತೆ. ಕಂಪೆನಿಯ ಸ್ವಂತ ಜಾಲತಾಣವನ್ನು ಹುಡುಕಿ, ಅಲ್ಲಿರುವ ಸಂಖ್ಯೆಗೆ ಕರೆ ಮಾಡಿ, 'ಇಂತಹ ಹುದ್ದೆ ನಿಮ್ಮಲ್ಲಿದೆಯೇ?' ಎಂದು ಕೇಳಬೇಕು.

ಐದನೆಯದು ಅವಸರ ಮತ್ತು ಗುಟ್ಟು. 'ಸಂಜೆಯೊಳಗೆ ತಿಳಿಸಿ, ಎರಡೇ ಸ್ಥಾನ ಉಳಿದಿದೆ' ಎನ್ನುವುದು ಅವಸರ. 'ಸದ್ಯಕ್ಕೆ ಯಾರಿಗೂ ಹೇಳಬೇಡಿ' ಎನ್ನುವುದು ಗುಟ್ಟು. ಮನೆಯವರಿಗೆ ಹೇಳಬಾರದ ನೌಕರಿ ಯಾವುದಿದೆ?

ಡಾಟಾ ಎಂಟ್ರಿ ಹೆಸರಿನ ಇನ್ನೊಂದು ಬಗೆಯಿದೆ. ಇದರಲ್ಲಿ ಆರಂಭದಲ್ಲಿ ಹಣ ಕೇಳುವುದಿಲ್ಲ. ಕರಾರು ಪತ್ರಕ್ಕೆ ಸಹಿ ಪಡೆದು, ಇಷ್ಟು ದಿನಗಳೊಳಗೆ ಇಷ್ಟು ಪುಟಗಳನ್ನು ತಪ್ಪಿಲ್ಲದೆ ಟೈಪ್ ಮಾಡಬೇಕೆಂದು ಹೇಳುತ್ತಾರೆ. ಯಾರಿಂದಲೂ ಮುಗಿಸಲಾಗದಷ್ಟು ಕೆಲಸ ಅದು. ಗಡುವು ಮುಗಿದ ಮೇಲೆ ವಕೀಲರ ಹೆಸರಿನಲ್ಲಿ ನೋಟೀಸು ಬರುತ್ತದೆ: ಕರಾರು ಮುರಿದಿದ್ದೀರಿ, ದಂಡ ಕಟ್ಟಿ, ಇಲ್ಲವಾದರೆ ಪೊಲೀಸರು ಮನೆಗೆ ಬರುತ್ತಾರೆ. ಮರ್ಯಾದೆಗೆ ಅಂಜುವ ಮನೆಗಳು ಹೆದರಿ ಕಟ್ಟಿಬಿಡುತ್ತವೆ. ಕಟ್ಟಬೇಡಿ. ಟೈಪಿಂಗ್ ಮುಗಿಸದಿರುವುದು ಬಂಧನಕ್ಕೊಳಗಾಗುವ ಅಪರಾಧವಲ್ಲ. ಆ ನೋಟೀಸನ್ನು ನೇರ ಪೊಲೀಸ್ ಠಾಣೆಗೆ ಒಯ್ಯಿರಿ.

ಖಾತೆಯನ್ನು ಬಾಡಿಗೆಗೆ ಕೊಡುವವರು

ಯುವಕರಿಗೆ ಪ್ರತ್ಯೇಕವಾಗಿ ಒಂದು ಮಾತು. 'ನಿನ್ನ ಬ್ಯಾಂಕ್ ಖಾತೆಗೆ ಕಂಪೆನಿಯ ಹಣ ಬರುತ್ತದೆ. ಅದನ್ನು ನಾವು ಹೇಳಿದ ಖಾತೆಗೆ ವರ್ಗಾಯಿಸು. ಕಮಿಷನ್ ನಿನ್ನದು' ಎಂಬ ಕೆಲಸವೂ ಮನೆಯಿಂದಲೇ ಮಾಡುವ ಕೆಲಸದ ಪಟ್ಟಿಯಲ್ಲಿದೆ. ಪಾಸ್‌ಬುಕ್, ಎಟಿಎಂ ಕಾರ್ಡ್ ಮತ್ತು ಸಿಮ್ ಕೊಟ್ಟರೆ ಕೆಲವು ಸಾವಿರ ಕೊಡುವವರೂ ಇದ್ದಾರೆ. ಆ ಖಾತೆಗೆ ಬರುವುದು ಇನ್ನೊಂದು ಮನೆಯ ತಾಯಿಯ ಸರ ಅಡವಿಟ್ಟ ಹಣ.

2023ರಲ್ಲಿ ಬೆಂಗಳೂರು ಪೊಲೀಸರು ಬಯಲಿಗೆಳೆದ ಪ್ರಕರಣವನ್ನು ನೋಡಿ. ವಾಟ್ಸ್ಆ್ಯಪ್, ಟೆಲಿಗ್ರಾಮ್‌ಗಳಲ್ಲಿ ಜನರನ್ನು ಸೆಳೆದು, ಸಾವಿರದಿಂದ ಹತ್ತು ಸಾವಿರದವರೆಗಿನ ಸಣ್ಣ ಮೊತ್ತದಿಂದ ಆರಂಭಿಸಿ ನಡೆಸಿದ ಆ ವಂಚನೆಯಲ್ಲಿ 84 ಬ್ಯಾಂಕ್ ಖಾತೆಗಳ ಮೂಲಕ 854 ಕೋಟಿ ರೂಪಾಯಿ ಹರಿದಿತ್ತು. ಪೊಲೀಸರು ಆಗ ತಡೆಹಿಡಿಯಲು ಸಾಧ್ಯವಾದದ್ದು ಸುಮಾರು 5 ಕೋಟಿ. ಬಂಧಿತರಾದವರು ಆರು ಮಂದಿ. ಇಂತಹ ಜಾಲಗಳಲ್ಲಿ ಹಣ ಬಾಚಿದವನು ದೂರ ಉಳಿಯುತ್ತಾನೆ, ಪೊಲೀಸರ ಕೈಗೆ ಮೊದಲು ಸಿಗುವುದು ಖಾತೆಯಲ್ಲಿರುವ ಹೆಸರು. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ ಕಲಂ 66ಡಿ ಪ್ರಕಾರ, ಕಂಪ್ಯೂಟರ್ ಅಥವಾ ಮೊಬೈಲ್ ಬಳಸಿ ಬೇರೊಬ್ಬರ ವೇಷದಲ್ಲಿ ವಂಚಿಸುವುದಕ್ಕೆ ಮೂರು ವರ್ಷಗಳವರೆಗೆ ಸೆರೆವಾಸ ಮತ್ತು ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಅದಕ್ಕೆ ನೆರವಾದವನೂ ನಿರಪರಾಧಿ ಎನಿಸಿಕೊಳ್ಳಲಾರ. ನಮ್ಮ ಯುವಕನೊಬ್ಬ ಎರಡು ಸಾವಿರದ ಆಸೆಗೆ ಇಂತಹ ಪ್ರಕರಣದಲ್ಲಿ ಸಿಲುಕಿದರೆ ಆ ಕುಟುಂಬದ ಮುಂದಿನ ಹತ್ತು ವರ್ಷಗಳು ಕೋರ್ಟಿನ ಮೆಟ್ಟಿಲುಗಳಲ್ಲಿ ಕಳೆದಾವು.

ಇನ್ನು ಕೆಲಸ ಕಂಪ್ಯೂಟರಿನದ್ದೇ, ಆದರೆ ಥಾಯ್ಲೆಂಡಿಗೆ ಬಂದು ಮಾಡಬೇಕು ಎಂದು ಟಿಕೆಟು ಕಳುಹಿಸುವವರಿದ್ದಾರೆ. ಹಾಗೆ ಹೋದವರನ್ನು ಗಡಿ ದಾಟಿಸಿ ಮ್ಯಾನ್ಮಾರಿನ ಕೇಂದ್ರಗಳಲ್ಲಿ ಕೂಡಿಹಾಕಿ, ಇದೇ ವಂಚನೆಯ ಸಂದೇಶಗಳನ್ನು ಕಳುಹಿಸಲು ಬಲವಂತ ಮಾಡಲಾಯಿತು. 2025ರ ಮಾರ್ಚ್‌ನಲ್ಲಿ ಎರಡು ದಿನಗಳಲ್ಲಿ 549 ಭಾರತೀಯರನ್ನು ಥಾಯ್ಲೆಂಡಿನ ಮೂಲಕ ವಾಯುಪಡೆಯ ವಿಮಾನಗಳಲ್ಲಿ ಮರಳಿ ಕರೆತರಲಾಯಿತು. ನಿಮ್ಮ ಮಗಳಿಗೆ ಸಂದೇಶ ಕಳುಹಿಸುವ ಕೈ ಕೆಲವೊಮ್ಮೆ ಹಾಗೆ ಸೆರೆಯಾದ ಇನ್ನೊಬ್ಬ ಬಡ ಯುವಕನದ್ದಾಗಿರಬಹುದು. ಆದ್ದರಿಂದ ವಿದೇಶದ ನೌಕರಿಯ ಮಾತು ಬಂದರೆ, ಏಜೆಂಟ್ ವಿದೇಶಾಂಗ ಸಚಿವಾಲಯದಲ್ಲಿ ನೋಂದಾಯಿತನೇ ಎಂದು ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡದೆ ಪಾಸ್‌ಪೋರ್ಟ್ ಕೊಡಬಾರದು. ಪ್ರವಾಸಿ ವೀಸಾದಲ್ಲಿ ಹೋಗಿ ಕೆಲಸಕ್ಕೆ ಸೇರಿ ಎನ್ನುವವನ ಜೊತೆ ಮಾತನ್ನೇ ಮುಂದುವರಿಸಬಾರದು.

'ನಮ್ಮವರೇ' ಎಂಬ ಸಾಕ್ಷಿ

ಒಂದು ಕಹಿ ನೆನಪನ್ನೂ ಹೇಳಲೇಬೇಕು. 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಸಂಸ್ಥೆ ಕುಸಿದಾಗ ದೂರು ನೀಡಲು ಸಾಲುಗಟ್ಟಿ ನಿಂತವರು ಹೆಚ್ಚಾಗಿ ನಮ್ಮವರೇ. ದೂರುಗಳ ಸಂಖ್ಯೆ 40 ಸಾವಿರ ದಾಟಿತು. ಅದು ನೌಕರಿಯ ಜಾಹೀರಾತಾಗಿರಲಿಲ್ಲ, ಹೂಡಿಕೆಯಾಗಿತ್ತು. ಆದರೆ ಜನ ಅಲ್ಲಿ ಹಣವಿಟ್ಟದ್ದು ಲೆಕ್ಕಪತ್ರ ನೋಡಿಯಲ್ಲ, 'ಹಲಾಲ್' ಎಂಬ ಮಾತು ಕೇಳಿ, ಪರಿಚಿತರ ಮುಖ ನೋಡಿ. ಇಂದು ಉದ್ಯೋಗದ ಸಂದೇಶಗಳು ಮೊಹಲ್ಲಾದ ವಾಟ್ಸ್ಆ್ಯಪ್ ಗುಂಪುಗಳಲ್ಲೂ ಹರಿದಾಡುತ್ತವೆ. ಕಳುಹಿಸಿದವರು ನಮ್ಮ ಚಿಕ್ಕಪ್ಪನೋ ಮಸೀದಿಯ ಪಕ್ಕದ ಅಂಗಡಿಯವರೋ ಆಗಿರಬಹುದು. ಅವರ ಉದ್ದೇಶ ಒಳ್ಳೆಯದೇ. ಆದರೆ ಅವರು ಅದನ್ನು ಪರಿಶೀಲಿಸಿದ್ದಾರೆಯೇ? ಪರಿಶೀಲಿಸದ ಉದ್ಯೋಗದ ಸುದ್ದಿಯನ್ನು ಮುಂದಕ್ಕೆ ಕಳುಹಿಸುವುದು ಉಪಕಾರವಲ್ಲ. ಅದರಿಂದ ಒಂದು ಮನೆ ಹಾಳಾದರೆ ಅದರಲ್ಲಿ ನಮ್ಮ ಬೆರಳಿನ ಪಾಲೂ ಇರುತ್ತದೆ.

ಮೌನವೇ ಅವರ ಬಂಡವಾಳ

ಈಗ ಹೇಳಿದ ಲಕ್ಷಣಗಳನ್ನೆಲ್ಲ ಬಾಯಿಪಾಠ ಮಾಡಿದವರೂ ಒಂದು ದಿನ ಎಡವಬಹುದು. ಆಗ ಉಳಿಸುವುದು ಒಂದೇ, ಬೇಗ ಹೇಳುವುದು. ಹಣ ಹೋದ ತಕ್ಷಣ 1930ಕ್ಕೆ ಕರೆ ಮಾಡಬೇಕು. ಸೈಬರ್ ಆರ್ಥಿಕ ವಂಚನೆಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ ಇದು. ವ್ಯವಹಾರದ ಸಂಖ್ಯೆ, ಹಣ ಹೋದ ಖಾತೆ, ಸಮಯ ಇವನ್ನು ಹೇಳಿದರೆ ಹಣ ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ದಾಟುವ ಮೊದಲೇ ತಡೆಯುವ ಪ್ರಯತ್ನ ನಡೆಯುತ್ತದೆ. ಗಂಟೆಗಳು ಕಳೆದಂತೆ ಆ ಸಾಧ್ಯತೆ ಕರಗುತ್ತದೆ. ಬಳಿಕ ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ಅಥವಾ ಹಾಸನದ ಸಿಇಎನ್ ಪೊಲೀಸ್ ಠಾಣೆಯಲ್ಲಿ ದೂರು ದಾಖಲಿಸಬೇಕು. ನಿಮ್ಮ ಬ್ಯಾಂಕಿಗೂ ಲಿಖಿತವಾಗಿ ತಿಳಿಸಬೇಕು. ಸಂದೇಶಗಳನ್ನು ನಾಚಿಕೆಯಿಂದ ಅಳಿಸಿಹಾಕಬಾರದು, ಅವೇ ಸಾಕ್ಷಿ. ಹೋದ ಹಣ ಮರಳಿ ಕೊಡಿಸುತ್ತೇವೆಂದು ಶುಲ್ಕ ಕೇಳಿ ಬರುವವರು ಅದೇ ಗುಂಪಿನ ಎರಡನೆಯ ತಂಡ ಎಂದೇ ತಿಳಿಯಿರಿ.

ಆ ಹುಡುಗಿ ಹನ್ನೊಂದು ದಿನ ಯಾಕೆ ಸುಮ್ಮನಿದ್ದಳು? ಅವಳಿಗೆ ವಂಚಕನಿಗಿಂತ ತಂದೆಯ ಭಯವೇ ಹೆಚ್ಚಾಗಿತ್ತು. ಮೊಬೈಲ್ ಕಿತ್ತುಕೊಳ್ಳುತ್ತಾರೆ, ಓದಿಸಿದ್ದೇ ತಪ್ಪಾಯಿತು ಎನ್ನುತ್ತಾರೆ, ತಂಗಿಯ ಓದೂ ನಿಂತೀತು ಎಂಬ ಭಯ. ಬಂಧುಗಳೇ, ಈ ಭಯವನ್ನು ಅವಳೊಳಗೆ ಬಿತ್ತಿದವನು ಯಾವುದೋ ದೇಶದಲ್ಲಿ ಕುಳಿತ ವಂಚಕನಲ್ಲ. ನಾವು. ಅವನು ಅದರ ಫಸಲನ್ನು ಕೊಯ್ದುಕೊಂಡ, ಅಷ್ಟೇ. ಇಂದು ಮನೆಗೆ ಹೋಗಿ ಪ್ರತಿಯೊಬ್ಬ ತಂದೆಯೂ ಮಕ್ಕಳನ್ನು ಕೂರಿಸಿ ಹೇಳಲಿ: 'ಮೋಸ ಹೋದರೆ ಮೊದಲು ನನಗೆ ಹೇಳು. ನಾನು ಬೈಯುವುದಿಲ್ಲ.' ಹೇಳಿದ ಮೇಲೆ ಆ ಮಾತನ್ನು ಉಳಿಸಿಕೊಳ್ಳಲಿ.

ಬಾಗಿಲುಗಳನ್ನು ತೆರೆಯೋಣ

ಬೇಡ ಬೇಡ ಎಂದಷ್ಟೇ ಹೇಳಿ ನಾವು ಕೈ ತೊಳೆದುಕೊಳ್ಳಲಾಗದು. ದುಡಿಯುವ ಮುಸ್ಲಿಮ್ ಮಹಿಳೆಯರಲ್ಲಿ ಶೇ. 70ರಷ್ಟು ಮಂದಿ ಮನೆಯೊಳಗಿದ್ದೇ ದುಡಿಯುತ್ತಾರೆ, ಎಲ್ಲ ಸಮುದಾಯಗಳನ್ನು ಸೇರಿಸಿದರೆ ಈ ಪ್ರಮಾಣ ಶೇ. 51 ಎಂದು 2006ರ ಸಾಚಾರ್ ಸಮಿತಿ ವರದಿ ತೋರಿಸಿತ್ತು. ಹೊರಗಿನ ಬಾಗಿಲುಗಳನ್ನೆಲ್ಲ ಮುಚ್ಚಿ, ಮೊಬೈಲ್ ಎಂಬ ಒಂದೇ ಕಿಟಕಿಯನ್ನು ತೆರೆದಿಟ್ಟರೆ ಕಳ್ಳ ಆ ಕಿಟಕಿಯ ಬಳಿಯೇ ಕಾಯುತ್ತಾನೆ. ಉದ್ಯೋಗ ಸೃಷ್ಟಿಸಬೇಕಾದ ಸರಕಾರಗಳು, ಖಾತೆ ತೆರೆಯುವಾಗ ಗ್ರಾಹಕರನ್ನು ಸರಿಯಾಗಿ ಪರಿಶೀಲಿಸಬೇಕಾದ ಬ್ಯಾಂಕುಗಳು, ಹಣ ಪಡೆದು ಜಾಹೀರಾತು ಬಿತ್ತರಿಸುವ ಕಂಪೆನಿಗಳು ಉತ್ತರಿಸಬೇಕಾದ ಪ್ರಶ್ನೆಗಳಿವೆ. ಅವುಗಳನ್ನು ಕೇಳುತ್ತಲೇ ಇರೋಣ. ಜೊತೆಗೆ ನಮ್ಮ ಕೈಯಲ್ಲಿರುವುದನ್ನೂ ಮಾಡೋಣ.

ಮನೆಯಿಂದ ಮಾಡುವ ನಿಜವಾದ ಕೆಲಸ ಇಲ್ಲವೆಂದಲ್ಲ. ಬೆಂಗಳೂರಿನ ಕಾರ್ಯ ಎಂಬ ಸಂಸ್ಥೆ ಕರ್ನಾಟಕದ ಹಳ್ಳಿಗಳ ಮಹಿಳೆಯರಿಂದ ಮೊಬೈಲಿನಲ್ಲಿ ಕನ್ನಡ ವಾಕ್ಯಗಳನ್ನು ಓದಿಸಿ, ಆ ಧ್ವನಿಗೆ ಹಣ ನೀಡಿದ್ದು 2023ರಲ್ಲಿ ಸುದ್ದಿಯಾಗಿತ್ತು. ಅಲ್ಲಿ ಕೆಲಸ ಏನೆಂಬುದು ಸ್ಪಷ್ಟವಿತ್ತು, ಅದರಿಂದ ಯಾರಿಗೆ ಪ್ರಯೋಜನ ಎಂಬುದೂ ಸ್ಪಷ್ಟವಿತ್ತು, ಹಣ ಕೆಲಸಗಾರರ ಕಡೆಗೇ ಹರಿಯಿತು. ನಾಳೆ ಯಾರಾದರೂ ಇದೇ ಹೆಸರು ಹೇಳಿ ನೋಂದಣಿ ಶುಲ್ಕ ಕೇಳಿದರೆ ಅದೂ ಮೋಸವೇ. ನಂಬಬೇಕಾದುದು ಹೆಸರನ್ನಲ್ಲ, ಹಣದ ದಿಕ್ಕನ್ನು.

ಪ್ರತಿಯೊಂದು ಮೊಹಲ್ಲಾದಲ್ಲೂ ಓದಿದ ಇಬ್ಬರು ಯುವಕರು, ಇಬ್ಬರು ಯುವತಿಯರು ವಾರಕ್ಕೊಂದು ಸಂಜೆ ಕುಳಿತುಕೊಳ್ಳಲಿ. ಯಾರಿಗೇ ನೌಕರಿಯ ಸಂದೇಶ ಬಂದರೂ ಒಂದು ರೂಪಾಯಿ ಕಟ್ಟುವ ಮೊದಲು ಅವರಿಗೆ ತೋರಿಸಲಿ. ಇದಕ್ಕೆ ಕಟ್ಟಡ ಬೇಡ, ಅಧ್ಯಕ್ಷರು ಬೇಡ. ಒಂದು ಚಾಪೆ, ಒಂದು ಮೊಬೈಲ್ ಮತ್ತು ಗೇಲಿ ಮಾಡದ ನಾಲ್ಕು ಮನಸ್ಸುಗಳು ಸಾಕು. ಸಾಲಗಾಮೆಯಲ್ಲಿ ಇದು ಮುಂದಿನ ವಾರವೇ ಆರಂಭವಾಗಲಿ. ಆ ತಾಯಿಯ ಸರ ಇನ್ನೂ ಅಡವಿನಲ್ಲೇ ಇದೆ. ಇನ್ನೊಬ್ಬ ತಾಯಿಯದ್ದು ಅಲ್ಲಿಗೆ ಹೋಗದಿರಲಿ.